ಹೂಳು ಎತ್ತುವವರು ಯಾರು?

(ಪದವಿ ಕಾಲೇಜೊಂದರ ವಿದ್ಯಾರ್ಥಿಗಳು ಮತ್ತು ಸುತ್ತಲ ಊರಿನ ರೈತರ ಮುಂದೆ ಆಡಿದ ಮಾತಿನ ಬರಹ ರೂಪ. ಅತ್ತಿತ್ತ ಹೋದ ಮಾತನ್ನು ಕತ್ತರಿಸಿದ್ದೇನೆ. ಕೊನೆಯ ಎರಡು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ನನಗೆ ಕೊಟ್ಟ ವಿಷಯ ‘ಮಾನವ ಸಮಾಜ ಮತ್ತು ಪರಿಸರ’. ಇದನ್ನು ಇಡಿಯಾಗಿ ಎತ್ತಿಕೊಂಡರೆ ಶಿಲಾಯುಗದಿಂದ ಹೊರಟು ಊಟದ ಹೊತ್ತಿಗೆ ಓಜೋನ್ ಪದರಕ್ಕೆ ಬಂದು ನಿಲ್ಲಬೇಕಾಗುತ್ತದೆ. ನಿಮಗೂ ನಿದ್ದೆ, ನನಗೂ ನಿದ್ದೆ. ಅದಕ್ಕೇ ನಾನು ಕೆರೆಯೊಂದನ್ನೇ ಹಿಡಿದುಕೊಂಡು ಬಂದಿದ್ದೇನೆ. ನಮ್ಮ ಬಯಲುಸೀಮೆಯ ಮಟ್ಟಿಗೆ ಮನುಷ್ಯನಿಗೂ ಪರಿಸರಕ್ಕೂ ನಡೆದ ವ್ಯವಹಾರದಲ್ಲಿ ಮುಕ್ಕಾಲು ಪಾಲು ಕೆರೆ ಏರಿಯ ಮೇಲೇ ನಡೆದಿದೆ.

ಈ ವಿಷಯಕ್ಕೆ ಒಂದು ಸಿದ್ಧ ಕಥೆ ಇದೆ. ಹಿಂದಿನವರು ಪ್ರಕೃತಿಯನ್ನು ತಾಯಿ ಅಂತ ಪೂಜಿಸುತ್ತಿದ್ದರು, ನಾವು ದುರಾಸೆಗೆ ಬಿದ್ದೆವು, ಎಲ್ಲ ಕೆಟ್ಟಿತು. ಪ್ರತಿ ಜೂನ್ 5ಕ್ಕೆ ಇದನ್ನು ಕೇಳಿರುತ್ತೀರಿ. ನನಗೆ ಈ ಕಥೆ ಒಪ್ಪಿಗೆಯಿಲ್ಲ. ಹಿಂದಿನವರಿಗೂ ಆಸೆ ಇತ್ತು, ಬೇಕಾದಷ್ಟಿತ್ತು. ಆದರೆ ಆಗ ಕೆರೆ ನೀರು ಉಂಡವರು ಕೆರೆಯ ಹೂಳಿಗೂ ಜವಾಬು ಹೇಳಬೇಕಿತ್ತು. ಆ ಗಂಟು ಯಾವಾಗ ಬಿಚ್ಚಿಕೊಂಡಿತು, ಯಾರು ಬಿಚ್ಚಿದರು ಅನ್ನುವುದಷ್ಟೇ ಇವತ್ತಿನ ನನ್ನ ಮಾತು.

ಕೆರೆಗೂ ಮುಂಚೆ ಇಲ್ಲಿ ದನ ಇತ್ತು. ಬಳ್ಳಾರಿ, ಯಾದಗಿರಿ ಕಡೆಯವರು ಬೂದಿದಿಬ್ಬಗಳನ್ನು ನೋಡಿರಬಹುದು. ಬಳ್ಳಾರಿ ಹತ್ತಿರದ ಕುಪ್ಗಲ್ಲು, ಸುರಪುರ ಸೀಮೆಯ ಬೂದಿಹಾಳ ಇವೆಲ್ಲ ಪ್ರಸಿದ್ಧ. ನಾಲ್ಕೈದು ಸಾವಿರ ವರ್ಷದ ಹಿಂದೆ ದನಗಾಹಿಗಳು ದೊಡ್ಡಿ ಹಾಕಿ, ಅಲ್ಲಿ ಸಗಣಿ ಪದರ ಪದರವಾಗಿ ಬಿದ್ದು, ಅದಕ್ಕೆ ಮತ್ತೆ ಮತ್ತೆ ಬೆಂಕಿ ಇಟ್ಟು ಆದ ದಿಬ್ಬಗಳಿವು. ಯಾಕೆ ಸುಟ್ಟರು ಅನ್ನುವುದರಲ್ಲಿ ಪಂಡಿತರಿಗೆ ಇನ್ನೂ ಒಮ್ಮತ ಇಲ್ಲ. ಹಂಪಿ ಪಕ್ಕದ ನಿಂಬಾಪುರದಲ್ಲಿ ಅಂಥದ್ದೊಂದು ದಿಬ್ಬವನ್ನು ಜನ ವಾಲಿಯ ಚಿತೆಯ ಬೂದಿ ಅನ್ನುತ್ತಾರೆ. ಇವತ್ತು ನೀವು ಟ್ರ್ಯಾಕ್ಟರ್ ಲೋಡಿನ ಲೆಕ್ಕದಲ್ಲಿ ದುಡ್ಡು ಕೊಟ್ಟು ತರಿಸುವ ಗೊಬ್ಬರವನ್ನು ಅವರು ಗುಡ್ಡೆ ಹಾಕಿ ಸುಟ್ಟಿದ್ದಾರೆ ನೋಡಿ! ಅಂದರೆ ನೆಲ ಧಾರಾಳವಾಗಿತ್ತು, ಜನ ಕಮ್ಮಿ ಇದ್ದರು, ಮೇವು ಮುಗಿದರೆ ಮುಂದಕ್ಕೆ ಹೋಗಬಹುದಿತ್ತು. ಅಲ್ಲಿ ಜವಾಬಿನ ಪ್ರಶ್ನೆಯೇ ಹುಟ್ಟುವುದಿಲ್ಲ.

ಒಂದೇ ಕಡೆ ಕೂತು ಉಣ್ಣಬೇಕು ಅಂದಾಗ ಆ ಪ್ರಶ್ನೆ ಹುಟ್ಟಿತು. ಬಯಲುಸೀಮೆಯಲ್ಲಿ ಮಳೆ ವರ್ಷಕ್ಕೆ ಕೆಲವೇ ವಾರ ಜೋರಾಗಿ ಹೊಡೆಯುತ್ತದೆ, ಮಿಕ್ಕ ದಿನ ಆಕಾಶ ನೋಡುತ್ತಾ ಕೂರಬೇಕು. ಹಿಡಿದಿಟ್ಟುಕೊಂಡವನಿಗೆ ಭತ್ತ, ಇಲ್ಲದವನಿಗೆ ರಾಗಿ, ಜೋಳ. ನಾಲ್ಕನೇ ಶತಮಾನದಲ್ಲಿ ಕದಂಬರ ಮಯೂರಶರ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಕೆರೆ ಕಟ್ಟಿಸಿದ್ದನ್ನು ಬಂಡೆಯ ಮೇಲೆ ಬರೆಸಿದ. ಆಮೇಲೆ ಸಾವಿರಕ್ಕೂ ಹೆಚ್ಚು ವರ್ಷ ನಮ್ಮ ರಾಜರು, ಸಾಮಂತರು, ಗೌಡರು, ವ್ಯಾಪಾರಿಗಳು, ದೇವದಾಸಿಯರು ಎಲ್ಲರೂ ಕೆರೆ ಕಟ್ಟಿಸಿದರು. ಇವತ್ತಿನ ಕರ್ನಾಟಕದಲ್ಲಿ ಲೆಕ್ಕಕ್ಕೆ ಸಿಗುವ ಕೆರೆಗಳೇ ಸುಮಾರು 36,000. ನಾವು ಏರಿ ಮೇಲೆ ನಿಂತು ‘ಪ್ರಕೃತಿ ಸೌಂದರ್ಯ’ ಅಂತ ಫೋಟೋ ತೆಗೆಯುತ್ತೇವಲ್ಲ, ಅದರಲ್ಲಿ ಪ್ರಕೃತಿಯದು ಮಳೆ ಮತ್ತು ಇಳಿಜಾರು ಮಾತ್ರ. ಮಿಕ್ಕದ್ದೆಲ್ಲ ಮನುಷ್ಯರು ಮಣ್ಣು ಹೊತ್ತು ಮಾಡಿದ್ದು.

ಎಷ್ಟು ಲೆಕ್ಕ ಹಾಕಿ ಮಾಡಿದ್ದರು ಅನ್ನುವುದಕ್ಕೆ ಕಡಪ ಜಿಲ್ಲೆಯ ಪೋರುಮಾಮಿಳ್ಳದ ಶಾಸನ ನೋಡಬೇಕು. 1369ರದ್ದು. ಬುಕ್ಕರಾಯನ ಮಗ ಭಾಸ್ಕರ ಅಲ್ಲಿ ಕೆರೆ ಕಟ್ಟಿಸಿದ. ದಿನಕ್ಕೆ ಸಾವಿರ ಆಳು, ಕಲ್ಲು ಸಾಗಿಸಲು ನೂರು ಬಂಡಿ, ಎರಡು ವರ್ಷದ ಕೆಲಸ. ಆ ಶಾಸನದಲ್ಲಿ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳ ಪಟ್ಟಿಯೇ ಇದೆ. ಗಟ್ಟಿ ಜೇಡಿಯ ನೆಲ, ದೂರದಿಂದ ಬರುವ ಸಿಹಿನೀರಿನ ಹೊಳೆ, ಏರಿಯನ್ನು ಎರಡು ಕಡೆ ಆನಿಸಲು ಗುಡ್ಡ, ಏರಿ ತೀರಾ ಉದ್ದ ಇರಬಾರದು, ಹತ್ತಿರದಲ್ಲೇ ಕಲ್ಲುಗಣಿ, ಕೆಲಸ ಬಲ್ಲ ಆಳುಗಳು. ಚನ್ನಗಿರಿ ಕಡೆಯ ಸೂಳೆಕೆರೆಗೆ ಹೋದವರಿಗೆ ಈ ಗುಡ್ಡದ ಮಾತು ತಕ್ಷಣ ಅರ್ಥವಾಗುತ್ತದೆ. ಎರಡು ಗುಡ್ಡದ ನಡುವೆ ಗಿಡ್ಡ ಏರಿ, ಹಿಂದೆ ಕಣ್ಣು ಹಾಯುವಷ್ಟು ನೀರು.

ಅದೇ ಶಾಸನ ಆರು ದೋಷಗಳನ್ನೂ ಹೇಳುತ್ತದೆ. ಏರಿಯಲ್ಲಿ ನೀರು ಜಿನುಗುವುದು, ಸವಳು ನೆಲ, ಕೆರೆಯ ನಡುವೆ ಎತ್ತರದ ದಿಬ್ಬ, ನೀರು ಕಮ್ಮಿ ಇದ್ದು ಅಚ್ಚುಕಟ್ಟು (ಕೆರೆ ನೀರು ಉಣ್ಣುವ ಜಮೀನು) ಜಾಸ್ತಿ ಇರುವುದು, ನೀರು ಜಾಸ್ತಿ ಇದ್ದು ನೆಲ ಸಾಲದಿರುವುದು. ಇನ್ನೊಂದು ದೋಷ ಓದಿದಾಗ ನನಗೆ ನಗು ಬಂತು: ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರಬಾರದು. ಇದಾಗಿ ಐನೂರು ವರ್ಷ ಕಳೆದ ಮೇಲೆ, 1892ರಲ್ಲಿ, ಮೈಸೂರು ಮತ್ತು ಮದರಾಸು ಸರ್ಕಾರಗಳು ಒಪ್ಪಂದಕ್ಕೆ ಕೂರಬೇಕಾಯಿತು. ಮೇಲಿನ ಮೈಸೂರು ಸೀಮೆಯವರು ಕೆರೆ, ಅಣೆ ಕಟ್ಟಿ ನೀರು ಹಿಡಿದುಕೊಂಡರೆ ಕೆಳಗಿನವರಿಗೆ ಏನು ಉಳಿಯುತ್ತದೆ ಅನ್ನುವುದೇ ತಕರಾರು. ಆ ಒಪ್ಪಂದದ ಬಾಲ ಕಾವೇರಿ ವಿವಾದದವರೆಗೂ ಬಂದಿದೆ. ಕಲ್ಲಿನಲ್ಲಿ ಕೊರೆದಿಟ್ಟಿದ್ದರು, ನಾವು ಓದಲಿಲ್ಲ, ಅಲ್ವಾ?

ಹಾಗಂತ ಅದೆಲ್ಲ ಚಿನ್ನದ ಕಾಲ ಅಂತ ಅಂದುಕೊಳ್ಳಬೇಡಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಕೃಷ್ಣದೇವರಾಯ ಕೆರೆ ಕಟ್ಟಿಸುತ್ತಿದ್ದುದನ್ನು ಕಣ್ಣಾರೆ ನೋಡಿ ಬರೆದಿಟ್ಟಿದ್ದಾನೆ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ಮುತ್ತಿಕೊಂಡಿದ್ದರಂತೆ, ನೆಲವೇ ಕಾಣುತ್ತಿರಲಿಲ್ಲವಂತೆ. ಏರಿ ಎರಡು ಮೂರು ಸಲ ಒಡೆಯಿತು. ದೇವರಿಗೆ ರಕ್ತ ಬೇಕು ಅಂದರು. ಅರವತ್ತು ಜನರ ತಲೆ ಕಡಿಸಿದರು, ಜೊತೆಗೆ ಕುದುರೆ, ಕೋಣಗಳನ್ನೂ. ಕೆರೆಗೆ ಸೊಸೆಯನ್ನು ಬಲಿಕೊಟ್ಟ ನಮ್ಮ ಜನಪದ ಕಥೆ ಸುಮ್ನೆ ಹುಟ್ಟಿದ್ದಲ್ಲ. ನೀರು ಬೇಕಾದಾಗ ಯಾರ ಜೀವ ಅಗ್ಗವೋ ಅವರದ್ದನ್ನು ತೆಗೆದಿದ್ದಾರೆ.

‘ಕೆರೆಯಂ ಕಟ್ಟಿಸು ಬಾವಿಯಂ ಸವೆಸು’ ಅಂತ ತಾಯಿ ಮಗುವಿಗೆ ಹಾಲೂಡಿಸುತ್ತಾ ಕಿವಿಯಲ್ಲಿ ಹೇಳಿದಳು ಅನ್ನುವ ವಿಜಯನಗರ ಕಾಲದ ಶಾಸನದ ಸಾಲು ನಿಮಗೆಲ್ಲ ಗೊತ್ತು. ಕೆರೆ ಬಗ್ಗೆ ಮಾತಾಡುವವರು ಇದನ್ನು ಹೇಳದೆ ಕೂರುವುದಿಲ್ಲ, ನಾನೂ ಹೇಳಿಬಿಟ್ಟೆ. ಆದರೆ ಕಟ್ಟಿಸು ಅಂತ ಹೇಳಿದ ಆ ತಾಯಿ ಹೂಳು ಎತ್ತಿಸು ಅನ್ನಲಿಲ್ಲ. ಕಟ್ಟಿಸಿದವನಿಗೆ ಪುಣ್ಯ, ಹೆಸರು. ನೋಡಿಕೊಳ್ಳುವವರಿಗೆ? ಅದಕ್ಕೆ ಬೇರೆಯೇ ಶಾಸನಗಳಿವೆ. ಅವು ಅಷ್ಟು ಚಂದ ಇಲ್ಲ, ಯಾರೂ ಭಾಷಣದಲ್ಲಿ ಹೇಳುವುದಿಲ್ಲ. ಅಲ್ಲಿ ಬರುವುದು ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ. ಕೆರೆ ದುರಸ್ತಿಗೆ ಅಂತ ಬಿಟ್ಟ ಜಮೀನು, ಬೆಳೆಯಲ್ಲಿ ತೆಗೆದಿಟ್ಟ ಪಾಲು. ಹೂಳು ಹೊರುವ ಬಂಡಿಗೆ, ಅದನ್ನು ಎಳೆಯುವ ಕೋಣಕ್ಕೆ ಅಂತಲೇ ದತ್ತಿ ಬಿಟ್ಟ ಶಾಸನಗಳಿವೆ. ಕೆರೆ ಉಳಿದದ್ದು ಈ ಬಂಡಿ ಲೆಕ್ಕದಿಂದ.

ಈಗ ತೂಬಿನ ಹತ್ತಿರ ಹೋಗೋಣ. ಹಳೆ ಕೆರೆಗಳಲ್ಲಿ ಏರಿಯ ಒಳಬದಿಗೆ ನೀರಿನಲ್ಲಿ ಎರಡು ಕಲ್ಲುಕಂಬ ನಿಂತಿರುತ್ತವೆ. ನಡುವೆ ಅಡ್ಡಕಲ್ಲು, ಅಡ್ಡಕಲ್ಲಿಗೆ ತೂತು, ತೂತಿನಲ್ಲಿ ಉದ್ದನೆಯ ಗಳು, ಗಳುವಿನ ತುದಿಗೆ ಗೂಟ. ಗೂಟ ಕೆಳಗಿನ ಕಿಂಡಿಯಲ್ಲಿ ಕೂತರೆ ನೀರು ಬಂದ್. ಎತ್ತಿದರೆ ಏರಿಯ ಅಡಿಯಿಂದ ನೀರು ಕಾಲುವೆಗೆ ನುಗ್ಗುತ್ತದೆ. ಗೂಟ ಎತ್ತುವವನು ನೀರುಗಂಟಿ. ಕಸ ಕಡ್ಡಿ ಸಿಕ್ಕಿಕೊಂಡರೆ ಮುಳುಗಿ ತೆಗೆಯುವವನೂ ಅವನೇ. ಮಳೆಗಾಲದ ರಾತ್ರಿ ಕೋಡಿ ಬಿತ್ತಾ, ಏರಿ ಎಲ್ಲಾದರೂ ಜಿನುಗುತ್ತಿದೆಯಾ ಅಂತ ನೋಡಬೇಕಾದವನೂ ಅವನೇ.

ಕೆರೆ ಅರ್ಧ ತುಂಬಿದ ವರ್ಷ ಅವನ ಬೆಲೆ ಗೊತ್ತಾಗುತ್ತಿತ್ತು. ಊರವರು ಕೂತು ಭತ್ತವೋ ರಾಗಿಯೋ, ಎಷ್ಟು ಜಮೀನಿಗೆ ನೀರು ಅನ್ನುವುದನ್ನು ತೀರ್ಮಾನ ಮಾಡುತ್ತಿದ್ದರು. ಆ ಮೇಲೆ ಯಾವ ಗದ್ದೆಗೆ ಎಷ್ಟು ಹೊತ್ತು ಅನ್ನುವುದು ನೀರುಗಂಟಿ ಕೈಲಿ. ಗೌಡನ ಗದ್ದೆ ಆದರೂ ಮಡೆ ತಿರುಗಿಸುವುದು ಅವನೇ. ಕೂಲಿ ದುಡ್ಡಿನಲ್ಲಿ ಇರಲಿಲ್ಲ. ಸುಗ್ಗಿಯಲ್ಲಿ ಪ್ರತಿ ಕಣದಿಂದ ಇಷ್ಟು ಧಾನ್ಯ, ಜೊತೆಗೊಂದು ತುಂಡು ಇನಾಮು ಜಮೀನು. ಬೆಳೆ ಬಂದರೆ ಅವನಿಗೂ ಊಟ, ಬರದಿದ್ದರೆ ಅವನಿಗೂ ಇಲ್ಲ.

ನೀರುಗಂಟಿ ಹೆಚ್ಚಾಗಿ ದಲಿತ ಕುಟುಂಬದವನು. ಅಪ್ಪ ನೀರುಗಂಟಿ ಆದರೆ ಮಗನೂ ನೀರುಗಂಟಿ. ಊರಿಗೆಲ್ಲ ನೀರು ಹಂಚುವವನು ಊರ ಬಾವಿಯನ್ನು ಮುಟ್ಟುವ ಹಾಗಿರಲಿಲ್ಲ. ಬೇಸಿಗೆಯಲ್ಲಿ ಹೂಳು ಎತ್ತಲು ಮನೆಗೊಂದು ಆಳು ಅಂದರೂ ಯಾರ ಮನೆಯ ಆಳು ಜಾಸ್ತಿ ದುಡಿಯುತ್ತಿದ್ದ ಅಂತ ನಾನು ಹೇಳಬೇಕಿಲ್ಲ. ಹಳೆಯ ವ್ಯವಸ್ಥೆಯಲ್ಲಿ ಜವಾಬುದಾರಿ ಇತ್ತು, ನಿಜ. ಅದರ ಭಾರ ಎಲ್ಲರ ಹೆಗಲ ಮೇಲೂ ಒಂದೇ ಸಮ ಇರಲಿಲ್ಲ, ಅದೂ ನಿಜ.

ಇದು ಬಿಚ್ಚಿಕೊಂಡಿದ್ದು ಒಂದೇ ದಿನಕ್ಕಲ್ಲ. 1866ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ, ಬೆಂಗಳೂರಿನ ಸ್ಯಾಂಕಿ ಕೆರೆಯ ಆ ಸ್ಯಾಂಕಿಯೇ, ಈ ಸೀಮೆಯಲ್ಲಿ ಹೊಸ ಕೆರೆಗೆ ಜಾಗ ಹುಡುಕಬೇಕಾದರೆ ಭಾರಿ ಜಾಣತನ ಬೇಕು ಅನ್ನುವ ಅರ್ಥದಲ್ಲಿ ಬರೆದ. ಅಷ್ಟು ಒತ್ತಾಗಿ ಕೆರೆಗಳಿದ್ದವು. ಅದೇ ಶತಮಾನದಲ್ಲಿ ಬೆಳೆಯಲ್ಲಿ ಪಾಲು ತೆಗೆಯುವುದು ಹೋಗಿ ನಗದು ಕಂದಾಯ ಬಂತು. ಮೊದಲು ಕೆರೆ ತುಂಬದಿದ್ದರೆ ಸರ್ಕಾರದ ಪಾಲೂ ಕಮ್ಮಿಯಾಗುತ್ತಿತ್ತು. ಈಗ ಕಂದಾಯ ನಿಗದಿ, ಕೆರೆ ತುಂಬಲಿ ಬಿಡಲಿ. ದುರಸ್ತಿ ಲೋಕೋಪಯೋಗಿ ಇಲಾಖೆಗೆ ಹೋಯಿತು. ಸಣ್ಣಪುಟ್ಟ ಕೆಲಸ ರೈತರದ್ದು, ದೊಡ್ಡ ಕೆಲಸ ಸರ್ಕಾರದ್ದು ಅಂತ ಕಾಗದದಲ್ಲಿ ಬರೆದರು. ಯಾವುದು ಸಣ್ಣದು ಯಾವುದು ದೊಡ್ಡದು ಅನ್ನುವುದರಲ್ಲೇ ವರ್ಷಗಳು ಕಳೆದವು.

ಸ್ವಾತಂತ್ರ್ಯ ಬಂದ ಮೇಲೆ, 1961ರಲ್ಲಿ, ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾನೂನು ಬಂತು. ತೋಟಿ, ತಳವಾರಿಕೆ, ನೀರುಗಂಟಿಕೆ ಎಲ್ಲ ಹೋದವು. ಹೋಗಲೇಬೇಕಿತ್ತು. ಹುಟ್ಟಿನಿಂದ ಬಂದ ಬಿಟ್ಟಿ ಚಾಕರಿಗೆ ಯಾರು ಅಳುತ್ತಾರೆ? ಆದರೆ ಆ ಕೆಲಸಕ್ಕೆ ಸಂಬಳ ಕೊಟ್ಟು ಇನ್ನೊಬ್ಬರನ್ನು ಕೂರಿಸುವುದನ್ನು ಯಾರೂ ಯೋಚಿಸಲಿಲ್ಲ. ತೂಬು ಉಳಿಯಿತು, ಗೂಟ ಎತ್ತುವವನು ಇಲ್ಲ. ಈಗ 40 ಹೆಕ್ಟೇರ್ ತನಕ ಅಚ್ಚುಕಟ್ಟು ಇರುವ ಕೆರೆ ಪಂಚಾಯತಿಯವರದ್ದು, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿ ಇಲಾಖೆಯದ್ದು. ನಿಮ್ಮ ಊರ ಕೆರೆ ಯಾರ ಕೈಕೆಳಗಿದೆ ಅಂತ ಇಲ್ಲಿ ಎಷ್ಟು ಜನಕ್ಕೆ ಗೊತ್ತು? (ಮೂರು ನಾಲ್ಕು ಕೈ ಎದ್ದವು, ಎಲ್ಲರೂ ವಯಸ್ಸಾದವರು.)

ಅಷ್ಟರಲ್ಲಿ ಇನ್ನೆರಡು ಬಂದವು. ಒಂದು ಯೂರಿಯಾ. ಮೊದಲು ಬೇಸಿಗೆಯಲ್ಲಿ ಕೆರೆಯ ಗೋಡು ಮಣ್ಣನ್ನು ಹೊಲಕ್ಕೆ ಹೊಡೆಯುತ್ತಿದ್ದರು. ಹೂಳು ತೆಗೆಯುವುದು ಕೆರೆಯ ಸೇವೆ ಅಂತಲ್ಲ, ಹೊಲಕ್ಕೆ ಬೇಕು ಅಂತ. ಮೂಟೆ ಗೊಬ್ಬರ ಬಂದ ಮೇಲೆ ಆ ದುಡಿತ ಯಾಕೆ? ಇನ್ನೊಂದು ಬೋರ್‌ವೆಲ್. ಇದರ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಎಲ್ಲಕ್ಕಿಂತ ದೊಡ್ಡ ಪೆಟ್ಟು ಇದು ಅಂತ ನನ್ನ ಎಣಿಕೆ. ಕೆರೆ ನೀರಿಗೆ ಹತ್ತು ಜನರ ಜೊತೆ ಕೂರಬೇಕು, ಸರದಿ ಕಾಯಬೇಕು, ಜಗಳ ಆಡಬೇಕು. ಬೋರ್ ನನ್ನ ಜಮೀನಿನಲ್ಲಿ, ಸ್ವಿಚ್ ನನ್ನ ಕೈಲಿ. ಕೇಳುವವರು ಯಾರೂ ಇಲ್ಲ. ಪಂಪ್‌ಸೆಟ್‌ಗೆ ವಿದ್ಯುತ್ ಪುಕ್ಕಟೆ ಆದ ಮೇಲೆ ಕೇಳುವುದೇ ಬೇಡ. ಆದರೆ ಬೋರಿಗೆ ಬರುವ ನೀರು ಎಲ್ಲಿಯದು? ಕೆರೆಯಲ್ಲಿ ನಿಂತು ಇಂಗಿದ್ದೂ ಅದರಲ್ಲಿ ಸೇರಿದೆ. ಕೆರೆ ಹೂಳು ತುಂಬಿ ಇಂಗುವುದು ನಿಂತಿತು, ಎತ್ತುವುದು ಹೆಚ್ಚಿತು. ಕೆರೆಗಳಿಗೇ ಹೆಸರಾದ ಕೋಲಾರ ಸೀಮೆಯಲ್ಲಿ ಸಾವಿರ ಅಡಿ ದಾಟಿದರೂ ಧೂಳು ಬರುವ ದಿನ ಬಂತು. ಸಾಲ ಮಾಡಿ ಬೋರ್ ಕೊರೆಸಿದವನ ಮನೆಯಲ್ಲಿ ಆ ರಾತ್ರಿ ಹೇಗಿರುತ್ತದೆ ಅಂತ ಇಲ್ಲಿ ಕೂತವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಊರಿನಲ್ಲಿ ಬೋರ್ ಮಾಡಿದ್ದನ್ನು ಬೆಂಗಳೂರಿನಲ್ಲಿ ನಲ್ಲಿ ಮಾಡಿತು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂತು. ಅಲ್ಲಿ ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿ. ಅದೂ ಸಾಲದೆ 1974ರಲ್ಲಿ ಕಾವೇರಿ. ಸುಮಾರು 100 ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪ್ ಮಾಡಿ. ಕುಡಿಯುವ ನೀರು ಕೆರೆಯಿಂದ ಬರುವುದು ನಿಂತ ಮೇಲೆ ಊರ ನಡುವೆ ಕೆರೆ ಯಾಕೆ ಬೇಕು ಅನ್ನಿಸಿತು. ಅದು ಬರೀ ಜಾಗ ಆಯಿತು. ಧರ್ಮಾಂಬುಧಿ ಮೆಜೆಸ್ಟಿಕ್ ಬಸ್ ನಿಲ್ದಾಣ ಆಯಿತು. ಚಲ್ಲಘಟ್ಟ ಗಾಲ್ಫ್ ಮೈದಾನ, ಅಕ್ಕಿತಿಮ್ಮನಹಳ್ಳಿ ಹಾಕಿ ಸ್ಟೇಡಿಯಂ, ಕೋರಮಂಗಲದ ಕೆರೆ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಕಟ್ಟಿದ ವಸತಿ.

ಇವುಗಳಲ್ಲಿ ಸಂಪಂಗಿ ಕೆರೆಯ ಕಥೆ ನನಗೆ ಬೇರೆ ಥರ ಕಾಣುತ್ತದೆ. ಅದರ ಸುತ್ತ ತಿಗಳರು ತೋಟ ಮಾಡಿ ಸೊಪ್ಪು, ತರಕಾರಿ ಬೆಳೆಯುತ್ತಿದ್ದರು. ಕೆರೆ ಹೋಗಿ ಕಂಠೀರವ ಕ್ರೀಡಾಂಗಣ ಬಂತು. ಆದರೆ ಮೂಲೆಯಲ್ಲಿ ಒಂದು ಸಣ್ಣ ಕೊಳ ಉಳಿದಿದೆ. ಬೆಂಗಳೂರು ಕರಗದ ಶಾಸ್ತ್ರಕ್ಕೆ ಆ ನೀರು ಬೇಕು, ಅದಕ್ಕೆ ಉಳಿಯಿತು. ಭಕ್ತಿ ಇದ್ದರೆ ಪರಿಸರ ಉಳಿಯುತ್ತದೆ ಅನ್ನುವವರು ಈ ಕೊಳವನ್ನೂ ಪಕ್ಕದ ಸ್ಟೇಡಿಯಂ ಅನ್ನೂ ಒಟ್ಟಿಗೆ ನೋಡಬೇಕು. ಶಾಸ್ತ್ರಕ್ಕೆ ಎಷ್ಟು ಬೇಕೋ ಅಷ್ಟೇ ಉಳಿಯಿತು. ತೋಟಕ್ಕೆ ಬೇಕಾಗಿದ್ದಾಗ ಇಡೀ ಕೆರೆ ಇತ್ತು.

ಉಳಿದ ಕೆರೆಗಳಿಗೆ ಹೊಸ ಕೆಲಸ ಕೊಟ್ಟೆವು. ಮಳೆನೀರು ತರುತ್ತಿದ್ದ ರಾಜಕಾಲುವೆಯಲ್ಲಿ ಚರಂಡಿ ನೀರು ಬಿಟ್ಟೆವು. ಕೆರೆಗಳು ಸರಣಿಯಲ್ಲಿರುತ್ತವೆ, ಮೇಲಿನದರ ಕೋಡಿ ಕೆಳಗಿನದಕ್ಕೆ. ಬೆಂಗಳೂರಿನ ಪೂರ್ವ, ದಕ್ಷಿಣ ದಿಕ್ಕಿನ ಮೇಲಿನ ಕೆರೆಗಳ ಕೊಳಕೆಲ್ಲ ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ಸೋಪು, ಡಿಟರ್ಜೆಂಟಿನ ನೊರೆ ಎದ್ದು ರಸ್ತೆಗೆ ಹಾರಿತು. 2015ರಲ್ಲಿ ನೊರೆಗೇ ಬೆಂಕಿ ಹತ್ತಿತು. 2017ರಲ್ಲಿ ಮತ್ತೆ. 2018ರ ಜನವರಿಯಲ್ಲಿ ಆರಿಸಲು ಸೈನಿಕರು ಬರಬೇಕಾಯಿತು. ಕೆರೆ ಉಳಿಸಲು ಲಕ್ಷ್ಮಣರಾವ್ ಸಮಿತಿ ನೇಮಿಸಿದ್ದು 1985ರಲ್ಲಿ. ಅಂದರೆ ತಿಳಿಯದೆ ಆದದ್ದಲ್ಲ. 2022ರ ಸೆಪ್ಟೆಂಬರಿನಲ್ಲಿ ಐಟಿ ಕಂಪನಿಗಳ ರಸ್ತೆ ಮಳೆನೀರಿನಲ್ಲಿ ಮುಳುಗಿ, ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. 2024ರ ಬೇಸಿಗೆಯಲ್ಲಿ ಅದೇ ನಗರ ಟ್ಯಾಂಕರ್ ಹಿಂದೆ ಓಡಿತು. ನೀರು ಜಾಸ್ತಿ ಆದರೂ ಕಷ್ಟ, ಕಮ್ಮಿ ಆದರೂ ಕಷ್ಟ. ಇವೆರಡನ್ನೂ ಒಟ್ಟಿಗೆ ಸಂಭಾಳಿಸಲೆಂದೇ ಕೆರೆ ಕಟ್ಟಿದ್ದು.

ಬೆಂಗಳೂರಿನವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಅಪಾರ್ಟ್‌ಮೆಂಟಿನ ಎಂಟನೇ ಮಹಡಿಯಲ್ಲಿ ಬಟ್ಟೆ ಒಗೆಯುವವರಿಗೆ ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಕಾಣುವುದಿಲ್ಲ. ಕಾಣದ್ದಕ್ಕೆ ಜವಾಬು ಹೇಳುವುದು ಕಷ್ಟ. ಅವರಲ್ಲೇ ಎಷ್ಟೋ ಜನ ಭಾನುವಾರ ಬೆಳಿಗ್ಗೆ ಗ್ಲೌಸ್ ಹಾಕಿಕೊಂಡು ಪಕ್ಕದ ಕೆರೆಯ ಪ್ಲಾಸ್ಟಿಕ್ ಎತ್ತುತ್ತಾರೆ. ಅದಕ್ಕೆ ನನ್ನ ಗೌರವ ಇದೆ. ಆದರೆ ಕೆರೆ ಅವರಿಗೆ ವಾಕಿಂಗ್ ಜಾಗ, ಹಕ್ಕಿ ನೋಡುವ ಜಾಗ. ಒಂದು ವಾರ ಬಿಟ್ಟರೂ ಊಟ ನಿಲ್ಲುವುದಿಲ್ಲ.

ಇಷ್ಟು ಹೇಳಿ ನಾನು ಕೂತೆ. ಆಮೇಲೆ ಬಂದ ಪ್ರಶ್ನೆಗಳಲ್ಲಿ ಎರಡು.

ಒಬ್ಬ ವಿದ್ಯಾರ್ಥಿನಿ ಕೇಳಿದಳು: “ಹಾಗಾದರೆ ನೀರುಗಂಟಿ ಮತ್ತೆ ಬರಬೇಕು ಅಂತೀರಾ?”

ಹಳೆಯ ನೀರುಗಂಟಿ ಬೇಡ. ಜಾತಿ ನೋಡಿ ಕೊಡುವ ಕೆಲಸ ಸತ್ತಿದ್ದೇ ಒಳ್ಳೆಯದು. ಆದರೆ ಪಂಚಾಯತಿಯಲ್ಲಿ ಈಗಲೂ ವಾಟರ್‌ಮ್ಯಾನ್ ಇದ್ದಾನಲ್ಲ? ಅವನ ಕೈ ಬೋರ್‌ವೆಲ್ ಸ್ಟಾರ್ಟರ್ ಮೇಲಿದೆ. ಅದೇ ಥರ ಕೆರೆಗೂ ಒಬ್ಬರು ಇರಲಿ, ಗಂಡಸೇ ಆಗಬೇಕಿಲ್ಲ. ತಿಂಗಳ ಸಂಬಳ ಇರಲಿ. ಏರಿ ಮೇಲೆ ಜಾಲಿ ಬೆಳೆದರೆ ಕಡಿಸುವ, ಕಾಲುವೆ ಒತ್ತುವರಿ ಆದರೆ ಬರೆದು ಕೊಡುವ ಅಧಿಕಾರ ಇರಲಿ. ಉದ್ಯೋಗ ಖಾತ್ರಿಯಲ್ಲಿ ಹೂಳು ತೆಗೆಸುತ್ತೇವೆ, ಸರಿ. ಆದರೆ ಹೂಳು ಬರುವ ಕಾಲುವೆ ನೋಡುವವರಿಲ್ಲದೆ ಕೆರೆಯನ್ನಷ್ಟೇ ತೋಡಿದರೆ ಅದು ಗುಂಡಿ ಆಗುತ್ತದೆ, ಅಷ್ಟೇ. ಈಗ ಎಷ್ಟೋ ಕಡೆ ಜೆಸಿಬಿ ಬಿಟ್ಟು ಹಾಗೇ ಮಾಡಿದ್ದಾರೆ.

ಹಿಂದಿನ ಸಾಲಿನಲ್ಲಿ ಕೂತಿದ್ದ ರೈತರೊಬ್ಬರದ್ದು ಇನ್ನೊಂದು: “ಬೆಂಗಳೂರಿನ ಚರಂಡಿ ನೀರನ್ನ ಶುದ್ಧ ಮಾಡಿ ಕೋಲಾರದ ಕೆರೆಗೆ ಬಿಡ್ತಾರಲ್ಲ, ಅದು ಒಳ್ಳೇದೋ ಕೆಟ್ಟದ್ದೋ ಹೇಳಿಬಿಡಿ.”

ಕೆ.ಸಿ. ವ್ಯಾಲಿ, ಅಂದರೆ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ಬಗ್ಗೆ ಅವರು ಕೇಳಿದ್ದು. 2018ರಲ್ಲಿ ನೀರು ಬಿಟ್ಟರು. ಮೊದಲು ಬಂದದ್ದು ಲಕ್ಷ್ಮೀಸಾಗರ ಕೆರೆಗೆ. ಬಂದ ಕೆಲವೇ ದಿನಕ್ಕೆ ಅಲ್ಲೂ ನೊರೆ ಕಂಡಿತು, ಗಲಾಟೆ ಆಯಿತು, ವಿಷಯ ಸುಪ್ರೀಂ ಕೋರ್ಟ್ ತನಕ ಹೋಯಿತು. ಆಮೇಲೆ ಮತ್ತೆ ಹರಿಯಿತು. ವರ್ಷಗಟ್ಟಲೆ ಒಣಗಿದ್ದ ಕೆರೆಗಳು ತುಂಬಿವೆ, ಸುತ್ತಲ ಬೋರ್‌ಗಳಲ್ಲಿ ನೀರು ಮೇಲೆ ಬಂದಿದೆ. ಇದನ್ನು ಅಲ್ಲಗಳೆಯಲು ಆಗುವುದಿಲ್ಲ. ಆದರೆ ಅದು ಎರಡನೇ ಹಂತದ ಶುದ್ಧೀಕರಣ ಆದ ನೀರು. ಮೂರನೇ ಹಂತವೂ ಆಗಬೇಕು ಅಂತ ಅಲ್ಲಿನ ಜನ ಕೇಳುತ್ತಿರುವುದರಲ್ಲಿ ನ್ಯಾಯ ಇದೆ. ಕೆರೆಗೆ ಬಂದ ನೀರು ಇಂಗಿ ಬೋರಿಗೆ ಹೋಗುತ್ತದೆ, ಆ ಬೋರಿನ ನೀರನ್ನೇ ಎಷ್ಟೋ ಊರು ಕುಡಿಯುತ್ತದೆ.

ಆದ್ದರಿಂದ ನಾನು ಅವರಿಗೆ ಹೇಳಿದ್ದು ಇಷ್ಟು. ನೀರು ಬೇಡ ಅನ್ನಬೇಡಿ, ಸುಮ್ಮನೆ ತೆಗೆದುಕೊಳ್ಳಲೂ ಬೇಡಿ. ಕೆರೆ ನೀರಿನ ಮತ್ತು ಪಕ್ಕದ ಬೋರಿನ ಪರೀಕ್ಷಾ ವರದಿಯನ್ನು ಪ್ರತಿ ತಿಂಗಳು ಪಂಚಾಯತಿ ಕಚೇರಿಯ ಗೋಡೆಗೆ ಕನ್ನಡದಲ್ಲಿ ಅಂಟಿಸಿ ಅಂತ ಗ್ರಾಮಸಭೆಯಲ್ಲಿ ಕೇಳಿ, ಅದನ್ನು ನಡಾವಳಿಯಲ್ಲಿ ಬರೆಸಿ. ಕೊಟ್ಟರೆ ಓದಿ. ಕೊಡದಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಅರ್ಜಿ ಬರೆಯಲು ಈ ಕಾಲೇಜಿನ ಹುಡುಗರು ಹುಡುಗಿಯರು ಇದ್ದಾರೆ, ಅವರ ಫೋನ್ ನಂಬರ್ ಇವತ್ತೇ ಬರೆದುಕೊಂಡು ಹೋಗಿ ಅಂದೆ. ಅವರು ಹೋಗುವ ಮುಂಚೆ ಇಬ್ಬರ ನಂಬರ್ ಬರೆದುಕೊಂಡರು.